ಉಮಾಶಂಕರ್ ಮೇಷ್ಟ್ರ ಕಡಲು

ಕೋಲಾರಕ್ಕೆ ಕಡಲನ್ನು ತಂದೇ ತೀರುತ್ತೇನೆ ಎಂದು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಉಮಾಶಂಕರ್ ಘೋಷಿಸಿದ ದಿನ, ಅವರ ಮನೆಯ ನಲ್ಲಿಯಲ್ಲಿ ನೀರು ಬಂದು ಐದು ದಿನವಾಗಿತ್ತು. ಮೇಷ್ಟ್ರು ಅದಕ್ಕೆಲ್ಲ ಜಗ್ಗುವವರಲ್ಲ. ತಿಂಗಳೊಳಗೆ ನಡುಮನೆಗೆ ನಾಲ್ಕಡಿ ಗಾಜಿನ ತೊಟ್ಟಿ ಬಂತು. ಅದರೊಳಗೆ ಐದು ಗೊಂಚಲು ಹವಳ, ಎರಡು ಕಿತ್ತಳೆ ಮೀನು, ಎರಡು ಪಟ್ಟೆ ಸಿಗಡಿ!

ಬೇಳೆಯನ್ನೇ ಬೇಯಿಸದ ಬೋರ್‌ವೆಲ್ ನೀರು ಹವಳವನ್ನು ಉಳಿಸೀತೇ? ಅದಕ್ಕೇ ನೀರು ಸೋಸಲು ಆರ್‌ಓ ಯಂತ್ರ, ಕೊಳೆಯನ್ನು ನೊರೆಯಾಗಿ ಎತ್ತಿ ಹಾಕುವ ಸ್ಕಿಮ್ಮರ್, ನೀರು ಪರೀಕ್ಷಿಸಲು ಎಂಟು ಬಾಟಲಿ ಔಷಧಿ ತಂದರು. ಪ್ಲಾಸ್ಟಿಕ್ ಡ್ರಮ್ಮು ವಾಸನೆ ಎಂದು ಅಟ್ಟದ ಮೇಲಿನ ತಾಮ್ರದ ಹಂಡೆ ಇಳಿಸಿ, ಕಡಲ ಉಪ್ಪನ್ನು ಅದರಲ್ಲೇ ಕಲಸಿದರು. ತಾಮ್ರಕ್ಕಿಂತ ಶುದ್ಧವಾದದ್ದು ಯಾವುದಿದೆ ಎಂದು ಹೆಂಡತಿ ಶೋಭಾರಾಣಿಗೆ ಪಾಠವನ್ನೂ ಮಾಡಿದರು.

ಎರಡನೇ ವಾರ ಸಿಗಡಿಗಳು ಸತ್ತವು. ಆಮೇಲೆ ಹವಳ ಮುದುಡಿ, ಸುಣ್ಣದ ಹಾಗೆ ಬಿಳಚಿಕೊಂಡಿತು. ಎಂಟು ಬಾಟಲಿಯೂ ನೀರು ಚೆನ್ನಾಗಿದೆ ಎಂದೇ ಹೇಳಿದವು. ಮೇಷ್ಟ್ರು ಇನ್ನೂ ದೊಡ್ಡ ಸ್ಕಿಮ್ಮರ್ ತಂದರು. ಅದು ಮೊದಲ ದಿನವೇ ಉಕ್ಕಿ, ಸೋಫಾದ ಕೆಳಗೆಲ್ಲ ನಾರುವ ನೊರೆ ಹರಿಸಿತು. ಶೋಭಾರಾಣಿ ಮೊಣಕಾಲೂರಿ ಒರೆಸಿದರು. ಹವಳ ಬಾಡಿದಷ್ಟೂ ಇವರು ಹಂಡೆಯಿಂದ ಹೊಸ ನೀರು ಸುರಿದರು. ಸುರಿದಷ್ಟೂ ಅದು ಬಾಡಿತು.

ಕೊನೆಗೆ ಕಣ್ಣು ಬಿದ್ದದ್ದು ತಾಯಿ ಅಕ್ಕಯಮ್ಮನ ಮೇಲೆ. ತೊಟ್ಟಿಯ ಪಕ್ಕದ ದೇವರ ಗೂಡಿಗೆ ಅವರು ಎರಡು ಹೊತ್ತೂ ಊದುಬತ್ತಿ ಹಚ್ಚುತ್ತಿದ್ದರು.

"ನಿನ್ನ ಹೊಗೆಯಿಂದಾನೇ ಇವು ಸಾಯ್ತಿರೋದು ಕಣಮ್ಮ."

ಎಪ್ಪತ್ತನಾಲ್ಕರ ಅಕ್ಕಯಮ್ಮ ಉರಿಯುತ್ತಿದ್ದ ಬತ್ತಿಯನ್ನು ಬೆರಳಲ್ಲೇ ಹೊಸಕಿದರು. ಮರುದಿನ ಬೆಳಿಗ್ಗೆ ಯಲ್ದೂರಿನ ಮಗಳ ಮನೆಗೆ ಬಸ್ಸು ಹತ್ತಿದರು.

"ಅತ್ತೆ ಹೋದ್ರು. ಹವಳ ಎದ್ದು ಕೂತಾವೇನೋ ನೋಡಿ," ಎಂದರು ಶೋಭಾರಾಣಿ.

ಹವಳ ಏಳಲಿಲ್ಲ. ಕಡೆಯ ಗೊಂಚಲೂ ಉದುರಿದ ಮೇಲೆ ಮೇಷ್ಟ್ರು ಬೆಂಗಳೂರಿನ ಮೀನಿನ ಅಂಗಡಿಯ ಕಾಂತರಾಜ್‌ಗೆ ಫೋನು ಮಾಡಿ, ನಿನ್ನ ಯಂತ್ರಗಳೆಲ್ಲ ಡಬ್ಬಾ ಎಂದು ಹಾರಾಡಿದರು. ಕಾಂತರಾಜ್ ತಾಳ್ಮೆಯಿಂದ ಒಂದೊಂದೇ ವಿಚಾರಿಸುತ್ತ, ಉಪ್ಪು ಕಲಸುವುದು ಯಾವುದರಲ್ಲಿ ಎಂದು ಕೇಳಿದ. ಮೇಷ್ಟ್ರು ಹೆಮ್ಮೆಯಿಂದಲೇ ಹೇಳಿದರು.

"ಸಾರ್, ಉಪ್ಪುನೀರಿಗೆ ತಾಮ್ರ ಬಿಟ್ಕೊಳ್ಳುತ್ತೆ. ಮೀನು ಹೆಂಗೋ ತಡೆಯುತ್ತೆ. ಹವಳಕ್ಕೂ ಸಿಗಡಿಗೂ ಅದು ವಿಷ ಸಾರ್."

ತಾಮ್ರ ಪತ್ತೆ ಹಚ್ಚುವ ಬಾಟಲಿ ಬೇರೆಯೇ ಇತ್ತಂತೆ. ಅದೊಂದನ್ನು ಮೇಷ್ಟ್ರು ಕೊಂಡಿರಲಿಲ್ಲ.

ಭಾನುವಾರ ಯಲ್ದೂರಿಗೆ ಹೋದರು. ಅಕ್ಕಯಮ್ಮ ಮಗಳ ಮಾವಿನ ತೋಪಿನಲ್ಲಿ ಕುಳಿತು ಕಾಯಿ ಆರಿಸುತ್ತಿದ್ದರು. ಮೇಷ್ಟ್ರು ಎದುರಿಗೆ ಕುಕ್ಕರಗಾಲಲ್ಲಿ ಕುಳಿತು, ವಿಷ ಹಾಕಿದವನು ತಾನೇ ಎಂದು ಮೊದಲಿಂದ ಕಡೆಯವರೆಗೆ ಒಪ್ಪಿಕೊಂಡರು. ಮನೆಗೆ ಬಾ ಎಂದು ಕರೆದರು. ಅಕ್ಕಯಮ್ಮ ತಲೆಯೆತ್ತದೆ ಕೇಳಿಸಿಕೊಂಡರು.

"ಮೀನು ಎರಡೂ ಬದುಕವೆ ತಾನೆ?"

"ಇದಾವಮ್ಮ."

"ಕಾಯಿ ಕೆಲ್ಸ ಮುಗೀಲಿ, ಬರ್ತೀನಿ. ನೀನು ಹೊರಡು ನಾಯನಾ. ಅವುಕ್ಕೆ ಊಟ ಹಾಕೋ ಹೊತ್ತಾಯ್ತೇನೋ."

ಇಲ್ಲಮ್ಮ, ನೀನು ಬರುವವರೆಗೂ ಇಲ್ಲೇ ಇರುತ್ತೇನೆ ಎಂದು ಹೇಳಬೇಕೆಂದು ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಅವರ ಕಣ್ಣು ತಾನಾಗಿಯೇ ಕೈಗಡಿಯಾರದ ಕಡೆ ಹೋಗಿಬಿಟ್ಟಿತ್ತು. ಅಕ್ಕಯಮ್ಮ ಅದನ್ನು ನೋಡಿದರು.