ಎಂಟಿಂಚಿನ ಪೈಪು

ಏಳು ಬೆಟ್ಟದಾಚೆಯ ರಾಕ್ಷಸನ ಪ್ರಾಣ ಗಿಳಿಯ ಕೊರಳಲ್ಲಿರುತ್ತದೆ ಎಂದು ಅಜ್ಜಿಯರು ಹೇಳುತ್ತಾರೆ. ಈ ದರ್ಜಿಯ ಪ್ರಾಣ ಅಷ್ಟು ದೂರವೇನೂ ಇರಲಿಲ್ಲ. ಅವನದೇ ಮನೆಯ ಹಿಂದಿನ ಕೋಣೆಯಲ್ಲಿ, ಮೋಟಾರು ಜೋಡಿಸಿದ ಒಂದು ಮೇಜುಗರಗಸದಲ್ಲಿತ್ತು. ಆ ಪ್ರಾಣಕ್ಕೆ ಸಂಚಕಾರ ಬಂದದ್ದು ರಾಜಕುಮಾರನ ಕತ್ತಿಯಿಂದಲ್ಲ, ಒಂದು ಸೀನಿನಿಂದ.

ದರ್ಜಿಯ ಮನೆ ಎಂದರೆ ರೈಲಿನ ಡಬ್ಬಿಗಳಂತೆ ಒಂದರ ಬೆನ್ನಿಗೆ ಒಂದು ಅಂಟಿಕೊಂಡ ನಾಲ್ಕು ಕೋಣೆ. ಮುಂದಿನದು ಹೊಲಿಗೆ ಅಂಗಡಿ, ನಡುವಿನ ಎರಡು ಸಂಸಾರದ್ದು, ಹಿಂದಿನದು ಅವನದು. ಎರಡು ದೊಡ್ಡ ಕಿಟಕಿ, ಹಿತ್ತಲಿನ ತಂಗಾಳಿ, ಬೆಳಗಿನ ಎಳೆಬಿಸಿಲು; ಇಡೀ ಮನೆಗೆ ಚೆಂದದ ಕೋಣೆ ಅದೇ. ಆದರೆ ಪಾದ ಮುಳುಗುವಷ್ಟು ಮರದ ಹೊಟ್ಟು ಬಿದ್ದಿರುತ್ತಿದ್ದುದರಿಂದ ಯಾರೂ ಆ ಕಡೆ ತಲೆ ಹಾಕುತ್ತಿರಲಿಲ್ಲ. ಅಲ್ಲಿ ಅವನು ಈವರೆಗೆ ಹನ್ನೊಂದು ಸ್ಟೂಲು ಮಾಡಿದ್ದ. ಹನ್ನೊಂದರಲ್ಲೂ ಮೂರು ಕಾಲು ನೆಲದ ಮೇಲೆ ನಿಂತರೆ ನಾಲ್ಕನೆಯದು ನಿಲ್ಲಲೋ ಬೇಡವೋ ಎಂದು ಯೋಚಿಸುತ್ತಿರುತ್ತಿತ್ತು. ಬೀದಿಯವರು ಅವನನ್ನು ಹೊಟ್ಟುರಾಯ ಎನ್ನುತ್ತಿದ್ದರು. ಅವನಿಗೆ ಬೇಜಾರಿರಲಿಲ್ಲ. ರಾಯ ಎಂದಾದರೂ ಅನ್ನುತ್ತಾರಲ್ಲ.

ಆ ಬೆಳಿಗ್ಗೆ ವಕೀಲರೊಬ್ಬರು ಕರಿ ಕೋಟು ತೊಟ್ಟು ನೋಡಲು ಬಂದಿದ್ದರು. ಒಳಗಿನಿಂದ ಒಂದು ಗಾಳಿ ಬೀಸಿತು. ವಕೀಲರು ಸೀನಿದರು. ಮತ್ತೆ ಸೀನಿದರು. ಏಳನೆಯ ಸೀನಿಗೆ ಬೆನ್ನಿನ ಹೊಲಿಗೆ ಪರ್ರನೆ ಬಿಟ್ಟುಕೊಂಡಿತು. ಕನ್ನಡಿಯಲ್ಲಿ ನೋಡಿಕೊಂಡರೆ, ನ್ಯಾಯಾಲಯಕ್ಕೆ ಹೊರಟವರು ಹಿಟ್ಟಿನ ಗಿರಣಿಯಿಂದ ಬಂದವರಂತೆ ಕಾಣುತ್ತಿದ್ದರು.

"ನಾನು ಕೇಳಿದ್ದು ಕರಿ ಕೋಟು," ಎಂದಷ್ಟೇ ಹೇಳಿ, ಕೋಟನ್ನು ಬಿಚ್ಚಿಟ್ಟು ಹೋದರು.

ಹೆಂಡತಿ ಕಾಜ ಹೊಲಿಯುತ್ತಿದ್ದವಳು ಸೂಜಿ ಕೆಳಗಿಟ್ಟಳು. ಅವಳು ಸೂಜಿ ಕೆಳಗಿಟ್ಟರೆ ಚುಚ್ಚಲು ಬೇರೇನೋ ಸಿಕ್ಕಿದೆ ಎಂದೇ ಅರ್ಥ.

"ರೀ, ಇವತ್ತು ಸಂಜೆ ಅಮ್ಮ ಬರ್ತಾರೆ. ನೆನಪಿದೆಯಾ?"

"ಇದೆ."

"ಹೋದ ಸಲ ಒಂದು ತಿಂಗಳು ಇರ್ತೀನಿ ಅಂತ ಬಂದೋರು ಮೂರನೇ ದಿನಕ್ಕೆ ಕೆಮ್ಮಿಕೊಂಡು ವಾಪಸ್ ಹೋದ್ರು. ಅದು?"

"ಅದೂ ನೆನಪಿದೆ."

ಚೆನ್ನಾಗಿಯೇ ನೆನಪಿತ್ತು. ಅತ್ತೆಯನ್ನು ಬಸ್ಸು ಹತ್ತಿಸಿ, ಕಣ್ಣೊರೆಸಿಕೊಳ್ಳುತ್ತ ಮನೆಗೆ ಬಂದವನು ಆ ಮಧ್ಯಾಹ್ನವೇ ಏಳನೆಯ ಸ್ಟೂಲಿಗೆ ಕೈ ಹಾಕಿದ್ದ.

ಅಷ್ಟರಲ್ಲಿ ಬೀದಿಯಲ್ಲಿ ಗುಜರಿಯವನ ಗಂಟೆ ಕೇಳಿಸಿತು. ಹೆಂಡತಿ ಎದ್ದು ಬಾಗಿಲಿಗೆ ಹೋದಳು.

"ಸಂಜೆ ಆರು ಗಂಟೆಗೆ ಬಾಪ್ಪ. ಒಂದು ಗರಗಸ ಇದೆ. ಅಷ್ಟೊತ್ತಿಗೆ ಈ ಮನೆ ಧೂಳು ನಿಂತಿದ್ರೆ ಬರಿಗೈಲಿ ಹೋಗು. ನಿಂತಿಲ್ಲ ಅಂದ್ರೆ ಹೊತ್ಕೊಂಡು ಹೋಗು."

"ಆಯ್ತಕ್ಕ," ಎಂದ ಗುಜರಿಯವನು, ಒಳಗೆ ಒಮ್ಮೆ ಇಣುಕಿ. "ಗಾಡೀಲಿ ಜಾಗ ಮಾಡ್ಕೊಂಡೇ ಬರ್ತೀನಿ."

ಹೊಟ್ಟುರಾಯ ಹಿಂದಿನ ಕೋಣೆಗೆ ಓಡಿದ. ಹಾಗೆ ನೋಡಿದರೆ ಧೂಳು ಹಿಡಿಯುವ ಯಂತ್ರ ಮುಕ್ಕಾಲು ತಯಾರಾಗಿಯೇ ಇತ್ತು. ಇದೇ ಗುಜರಿಯವನ ಹತ್ತಿರ ಕೊಂಡ ಹಳೆಯ ವ್ಯಾಕ್ಯೂಮ್ ಕ್ಲೀನರ್ ಗಾಳಿ ಎಳೆಯುತ್ತಿತ್ತು. ಹೊಟ್ಟು ಬಂದು ಬೀಳಲು ಬಣ್ಣದ ಬಕೆಟ್ಟು ಇತ್ತು. ನುಸಿಧೂಳು ಹಿಡಿಯಲು ಕೋಟಿನ ಒಳಬಟ್ಟೆಯಲ್ಲಿ ಅವನೇ ಹೊಲಿದ ಚೀಲ ಇತ್ತು. ಅದಕ್ಕೆ ಅಭ್ಯಾಸಬಲದಿಂದ ಒಂದು ಜೇಬೂ ಇಟ್ಟಿದ್ದ. ಇಲ್ಲದ್ದು ಒಂದೇ. ಗರಗಸಕ್ಕೆ ಹೊಟ್ಟು ಉಗುಳುವ ದುಂಡು ಬಾಯೊಂದಿದೆಯಲ್ಲ, ಅದಕ್ಕೂ ವ್ಯಾಕ್ಯೂಮಿನ ಸೊಂಡಿಲಿಗೂ ನಂಟು ಕೂಡಿಸುವ ಒಂದು ತುಂಡು ಪೈಪು. ಬಾಯಿ ದಪ್ಪ, ಸೊಂಡಿಲು ಸಣ್ಣ. ಜಾತಕ ಕೂಡಿರಲಿಲ್ಲ.

"ಅಯ್ಯೋ, ಇಷ್ಟೇನಾ?" ಎಂದಿತು ಕಿಟಕಿಯಲ್ಲಿ ಒಂದು ತಲೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಕೇಳದವರಿಗೂ ಸಲಹೆ ಕೊಡುತ್ತಿದ್ದುದರಿಂದ ಅವರನ್ನು ಬೀದಿಯೇ ಸಲಹೆ ಮೇಷ್ಟ್ರು ಎನ್ನುತ್ತಿತ್ತು. "ಅಳತೆ ತಗೊಂಡು ಪೈಪಿನ ಅಂಗಡಿಗೆ ಹೋಗಪ್ಪ. ಕಾಲು ಗಂಟೆ ಕೆಲಸ. ನಾನೂ ಬರ್ತೀನಿ ನಡಿ."

ಹೊಟ್ಟುರಾಯ ಕೊರಳಿನ ಟೇಪನ್ನು ಇಳಿಸಿ ಗರಗಸದ ಬಾಯಿಗೆ ಸುತ್ತಿದ. ಎದೆಗೆ, ಸೊಂಟಕ್ಕೆ, ಕೊರಳಿಗೆ ಇಪ್ಪತ್ತೆರಡು ವರ್ಷ ಸುತ್ತಿದ ಕೈ ಅದು. ಏಳೂಮುಕ್ಕಾಲು ಚಿಲ್ಲರೆ ಬಂತು. ಉಸಿರು ಕಟ್ಟಬಾರದೆಂದು ಒಂದೆಳೆ ಸಡಿಲ ಸೇರಿಸಿ ಎಂಟು ಇಂಚು ಎಂದು ಕೈಮೇಲೆ ಬರೆದುಕೊಂಡ.

ಮೇಷ್ಟ್ರು ಕನ್ನಡಕ ಏರಿಸಿ ಟೇಪು ನೋಡಿ, "ಎಂಟೇ," ಎಂದು ಮುದ್ರೆ ಒತ್ತಿದರು. ಅವರು ಪಾಠ ಹೇಳಿದ್ದು ಚರಿತ್ರೆ.

ಪೈಪಿನ ಅಂಗಡಿಯವನು ಎರಡು ಸಲ ಕೇಳಿದ.

"ಎಂಟಿಂಚಾ? ಮನೆಗಾ?"

"ಮನೆಗೇ. ಹಿಂದಿನ ಕೋಣೆಗೆ."

"ಎಷ್ಟು ಜನ ಇದ್ದೀರಿ ಮನೇಲಿ?"

"ಜನ ಕಟ್ಕೊಂಡು ನಿನಗೇನಯ್ಯಾ?" ಎಂದರು ಮೇಷ್ಟ್ರು. "ಅಳತೆ ತಗೊಂಡಿರೋದು ಯಾರು ಗೊತ್ತಾ? ಊರಿನ ಅರ್ಧ ಸೊಂಟ ಇವರ ಪುಸ್ತಕದಲ್ಲಿದೆ."

ಅಂಗಡಿಯವನು ಒಳಗೆ ಹೋದ. ಗರಗರ ಸದ್ದಾಯಿತು. ಎರಡಡಿ ಉದ್ದ ಕತ್ತರಿಸಿ ಉರುಳಿಸಿಕೊಂಡು ತಂದದ್ದನ್ನು ಕಂಡು ಹೊಟ್ಟುರಾಯನ ಬಾಯಿ ಆ ಪೈಪಿನಷ್ಟೇ ಅಗಲವಾಯಿತು. ಒಂದು ಬೆಕ್ಕು ಬಾಣಂತನ ಮುಗಿಸಿಕೊಂಡು ಹೋಗಬಹುದಾದ ಪೈಪು ಅದು.

"ಇದಲ್ಲಪ್ಪ. ಇಷ್ಟೇ ಇಷ್ಟು," ಎಂದು ಬೆರಳು ದುಂಡಗೆ ಮಾಡಿ ತೋರಿಸಿದ.

"ಅದು ಎರಡೂವರೆ. ಪೈಪನ್ನ ಅಡ್ಡ ಅಳೀಬೇಕು ಸ್ವಾಮಿ. ನೀವು ಸೊಂಟಕ್ಕೆ ಸುತ್ತಿದ ಹಾಗೆ ಸುತ್ತಿದ್ದೀರಿ."

"ಹಾಗಾದ್ರೆ ಇದು ವಾಪಸ್ ಇಟ್ಕೋ."

ಅಂಗಡಿಯವನು ನಕ್ಕ. "ಹೋದ ವರ್ಷ ನನ್ನ ಪ್ಯಾಂಟು ಗಿಡ್ಡ ಆಗಿತ್ತು. ನೀವೇನಂದ್ರಿ?"

ಹೊಟ್ಟುರಾಯನಿಗೆ ನೆನಪಾಯಿತು. ಕತ್ತರಿ ಆಡಿದ ಬಟ್ಟೆ ವಾಪಸಿಲ್ಲ ಎಂದಿದ್ದ. ಅಂಗಡಿಯಲ್ಲಿ ಬೋರ್ಡೇ ಹಾಕಿದ್ದ. ಎಂಟಿಂಚಿನದನ್ನೂ ಹೆಗಲಿಗೇರಿಸಿ, ಎರಡೂವರೆಯದರ ಗೇಣುದ್ದದ ತುಂಡು, ಅದನ್ನು ಸೊಂಡಿಲಿಗೆ ಇಳಿಸುವ ಒಂದು ರೆಡ್ಯೂಸರು, ಎಲ್ಲ ಕಟ್ಟಿಸಿಕೊಂಡು ಬಸ್ಸು ಹತ್ತಿದ.

ಕಂಡಕ್ಟರ್ ಪೈಪಿನೊಳಗೆ ಬಗ್ಗಿ ನೋಡಿದ. "ಒಳಗೆ ಯಾರಾದ್ರೂ ಕೂತಿದ್ದಾರಾ?"

"ಇಲ್ಲ."

"ಕೂರೋ ಹಾಗಿದೆ. ಅರ್ಧ ಟಿಕೆಟ್ ತಗೊಳ್ಳಿ."

ವಾದ ಮುಗಿಯುವಷ್ಟರಲ್ಲಿ ಬಸ್ಸು ಬ್ರೇಕು ಹಾಕಿತು. ಪೈಪು ಗಡಗಡನೆ ಹೊರಟಿತು. ಸಾಲುಸಾಲಾಗಿ ಜನ ಕಾಲೆತ್ತಿದರು, ಮಹಾರಾಜನ ಸವಾರಿಗೆ ದಾರಿ ಬಿಟ್ಟಂತೆ. ಅದು ಡ್ರೈವರನ ಹಿಮ್ಮಡಿಗೆ ಮುತ್ತಿಟ್ಟು ನಿಂತಿತು. ಮುಂದಿನ ನಿಲ್ದಾಣದಲ್ಲಿ ಪೈಪು, ದರ್ಜಿ, ಮೇಷ್ಟ್ರು ಮೂವರೂ ಇಳಿಯಬೇಕಾಯಿತು. ಉಳಿದ ದಾರಿಯನ್ನೆಲ್ಲ ನಡೆದರು. ಮೇಷ್ಟ್ರು ಬರಿಗೈಲಿ ಮುಂದೆ ಹೋಗುತ್ತ, ಪೈಪನ್ನು ಹೇಗೆ ಹೊರಬೇಕೆಂದು ಹೇಳುತ್ತಿದ್ದರು.

ಮನೆಗೆ ಬಂದು ನೋಡಿದರೆ ಹೊಸ ಸಂಕಟ. ಎರಡೂವರೆ ಇಂಚಿನ ಬಾಯಿಗೆ ಎರಡೂವರೆ ಇಂಚಿನ ಪೈಪು ಹಿಡಿಸಲಿಲ್ಲ. ಗರಗಸ ಮಾಡಿದವನು ಹೊರಗಿನಿಂದ ಅಳೆದಿದ್ದ, ಪೈಪು ಮಾಡಿದವನು ತನ್ನ ಲೆಕ್ಕಕ್ಕೆ ಅಳೆದಿದ್ದ. ನಡುವೆ ಕೂದಲೆಳೆಯಷ್ಟು ಜಗಳ. ಒತ್ತಿದ, ತಿರುಗಿಸಿದ, ಎಣ್ಣೆ ಹಚ್ಚಿದ, ದೇವರನ್ನು ನೆನೆದ. ಎರಡೂ ಹಟ ಬಿಡಲಿಲ್ಲ.

"ಬಿಸಿ ಮಾಡು," ಎಂದರು ಮೇಷ್ಟ್ರು. "ಬಿಸಿಗೆ ಎಲ್ಲವೂ ಹಿಗ್ಗುತ್ತೆ."

ಹೆಂಡತಿ ಹಾಲು ಇಳಿಸಿದ ಒಲೆಯ ಮೇಲೆ ಪೈಪು ಹಿಡಿದರು. ಪೈಪು ಹಿಗ್ಗಲಿಲ್ಲ, ನಾಚಿತು. ಮೊದಲು ತಲೆ ಬಾಗಿಸಿತು, ಆಮೇಲೆ ಸೊಂಟ ಬಳುಕಿಸಿತು, ಕೊನೆಗೆ ಒಲೆಯ ಮೇಲೆಯೇ ಮಲಗಿಬಿಟ್ಟಿತು. ವಾಸನೆಗೆ ಬೀದಿಯ ನಾಯಿಗಳೆಲ್ಲ ಒಟ್ಟಾಗಿ ಬೊಗಳಿದವು.

"ಮೇಷ್ಟ್ರೇ," ಎಂದಳು ಹೆಂಡತಿ, ಬಾಗಿಲಲ್ಲಿ ನಿಂತು, ಬಹಳ ಮೆತ್ತಗೆ, "ನಿಮ್ಮ ಮನೇಲೂ ಒಂದು ಒಲೆ ಇದೆಯಲ್ವಾ?"

ಮೇಷ್ಟ್ರಿಗೆ ಇದ್ದಕ್ಕಿದ್ದಂತೆ ಏನೋ ಕೆಲಸ ನೆನಪಾಯಿತು.

ಗಡಿಯಾರ ಐದು ಹೊಡೆಯಿತು. ಹೊಟ್ಟುರಾಯ ಸೋತ. ಗರಗಸದ ಮೇಜನ್ನು ಒರೆಸಿ, ಹಲ್ಲುಗಳಿಗೆ ಎಣ್ಣೆ ಸವರಿ, ಮಗಳನ್ನು ಗಂಡನ ಮನೆಗೆ ಕಳಿಸುವವನಂತೆ ಅದರ ಪಕ್ಕ ಕೂತ. ಗುಜರಿ ಗಾಡಿಯಲ್ಲಿ ಗೀರು ಬೀಳಬಾರದು ಎನಿಸಿತು. ಗೂಟದಿಂದ ತನ್ನ ಹಳೆಯ ಮಳೆಕೋಟನ್ನು ತೆಗೆದು ಅದರ ಮೈಮೇಲೆ ಹೊದಿಸಿದ. ಕೋಟಿನ ಒಂದು ತೋಳು ಜಾರಿ, ಗರಗಸದ ಬಾಯಿಯ ಮುಂದೆ ಜೋತುಬಿತ್ತು.

ಹೊಟ್ಟುರಾಯ ತೋಳನ್ನು ನೋಡಿದ. ಕಂಕುಳ ಹತ್ತಿರ ಅಗಲ. ಮಣಿಕಟ್ಟಿನ ಹತ್ತಿರ ಕಿರಿದು. ನಡುವೆ ನಯವಾಗಿ ಇಳಿಜಾರು. ಗಾಳಿ ನೀರು ಎರಡೂ ನುಸುಳದ ಬಟ್ಟೆ. ಬೆಳಗಿನಿಂದ ಊರೆಲ್ಲ ಅಲೆದು ಹುಡುಕಿದ್ದು, ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಎರಡರಂತೆ ಹೊಲಿಯುತ್ತ ಬಂದದ್ದು, ಇದನ್ನೇ.

ಕತ್ತರಿ ಆಡಿತು. ಒಂದು ಕಡೆ ಎಲಾಸ್ಟಿಕ್, ಇನ್ನೊಂದು ಕಡೆ ಎಲಾಸ್ಟಿಕ್. ಎಂಟು ಇಂಚಿನ ಸುತ್ತಳತೆ, ಒಂದೆಳೆ ಸಡಿಲ. ಗರಗಸದ ಬಾಯಿಗೆ ತೋಳು ಏರಿತು, ಸೊಂಡಿಲಿಗೆ ಮಣಿಕಟ್ಟು ಕೂತಿತು. ಗುಂಡಿ ಒತ್ತಿದ. ಹಲಗೆ ಕೊಯ್ದ. ಹೊಟ್ಟು ಹಾರಲಿಲ್ಲ, ಬೀಳಲಿಲ್ಲ, ಕಾಣಲೂ ಇಲ್ಲ. ಬಕೆಟ್ಟಿನೊಳಗೆ ಜೇನುಹುಳದಂತೆ ಸುತ್ತಿ ಸುಮ್ಮನಾಯಿತು.

ಸಂತೋಷ ತಡೆಯಲಾಗಲಿಲ್ಲ. ಸೊಂಡಿಲನ್ನು ಬಿಚ್ಚಿ ನೆಲದ ಹೊಟ್ಟನ್ನೆಲ್ಲ ಎಳೆಸಿದ. ನೆಲವಾದ ಮೇಲೆ ಗೋಡೆ, ಗೋಡೆಯಾದ ಮೇಲೆ ಕಿಟಕಿಯ ಸಂದು, ಕೊನೆಗೆ ಸ್ಟೂಲಿನ ಮೇಲೆ ಓಲಾಡುತ್ತ ನಿಂತು ಸೂರಿನ ಜೇಡರಬಲೆ. ಐದು ವರ್ಷದ ಮೇಲೆ ಆ ಕೋಣೆಗೆ ತನ್ನ ನೆಲದ ಬಣ್ಣ ಕೆಂಪೆಂದು ಗೊತ್ತಾಯಿತು.

ಹೆಂಡತಿ ಬಂದು ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿದಳು. ಬೆರಳು ನೋಡಿದಳು. ಇನ್ನೊಂದು ಬೆರಳಾಡಿಸಿದಳು. "ಬೆಳಿಗ್ಗೇನೇ ಒಂದು ತೋಳು ಕತ್ತರಿಸಿದ್ರೆ ಆಗ್ತಿತ್ತಲ್ರೀ," ಎಂದಳು. ಅವಳ ಬಾಯಲ್ಲಿ ಅದು ಬಿರುದಿಗೆ ಸಮಾನ.

ಆರಕ್ಕೆ ಹದಿನೈದು ನಿಮಿಷವಿರುವಾಗ ಅತ್ತೆ ಬಂದರು. ಒಂದು ಟ್ರಂಕು, ಎರಡು ಚೀಲ. ಕೋಣೆಯಿಂದ ಕೋಣೆಗೆ ಮೂಗು ಮುಂದು ಮಾಡಿಕೊಂಡು ನಡೆದರು. ಹೊಲಿಗೆ ಅಂಗಡಿಯಲ್ಲಿ ಮೂಗೇರಿಸಿದರು. ನಡುವಿನ ಕೋಣೆಯಲ್ಲಿ, ಪೈಪು ಸುಟ್ಟ ವಾಸನೆಗೆ, ಸೆರಗು ಮುಚ್ಚಿದರು. ಹಿಂದಿನ ಕೋಣೆಯಲ್ಲಿ ನಿಂತು ಎದೆ ತುಂಬ ಉಸಿರೆಳೆದರು. ಹೊಟ್ಟುರಾಯ ಉಸಿರು ಬಿಗಿಹಿಡಿದ. ಕೆಮ್ಮು ಬರಲಿಲ್ಲ.

"ಅಳಿಯಂದ್ರೇ," ಎಂದರು ಅತ್ತೆ, ದನಿ ತುಂಬಿಬಂದು. "ನನ್ನ ಮೂರು ಜನ ಗಂಡುಮಕ್ಕಳೂ ನನಗೋಸ್ಕರ ಇಷ್ಟು ಮಾಡಿಲ್ಲ."

"ಏನು ಮಾಡಿಲ್ಲ ಅತ್ತೆ?"

"ನನ್ನ ಕೆಮ್ಮು ನೋಡಿ, ಮಿಷನ್ ತಂದು, ನನಗೆ ಅಂತ ಕೋಣೆ ತಯಾರು ಮಾಡಿದ್ದೀರಲ್ಲ. ಇಂಥ ಗಾಳೀಲಿ ತಿಂಗಳು ಏನು, ಮಳೆಗಾಲ ಮುಗಿಯೋವರೆಗೂ ಇರಬಹುದು." ಟ್ರಂಕನ್ನು ಒಳಗೆಳೆದುಕೊಂಡು, ಸುತ್ತ ನೋಡಿದರು. ಹೋದ ಸಲ ಹೊಟ್ಟಿನಲ್ಲಿ ಮುಳುಗಿದ್ದ ಗರಗಸದ ಗುರುತು ಅವರಿಗೆ ಸಿಗಲಿಲ್ಲ. "ಇದ್ಯಾವುದಪ್ಪ, ನಡುಮಧ್ಯೆ ಹಲ್ಲು ಕಿರಿದು ಕೂತಿರೋದು? ಮಂಚ ಎಲ್ಲಿ ಹಾಕೋದು ಹಾಗಾದ್ರೆ?"

ಬೀದಿಯಲ್ಲಿ ಗಂಟೆ ಕೇಳಿಸಿತು. ಗುಜರಿಯವನು ಹೇಳಿದ ಮಾತಿಗೆ ತಪ್ಪುವವನಲ್ಲ.

ಹೊಟ್ಟುರಾಯ ಹೆಂಡತಿಯ ಕಡೆ ನೋಡಿದ. "ಧೂಳು ನಿಂತಿದೆ ಕಣೇ," ಎಂದ ಮೆಲ್ಲಗೆ.

"ನಿಂತಿದೆ ರೀ," ಎಂದಳು ಅವಳು. ಆ ದಿನದಲ್ಲಿ ಮೊದಲ ಬಾರಿಗೆ ಅವಳ ದನಿಯಲ್ಲಿ ಕನಿಕರವಿತ್ತು. "ಅದಕ್ಕೇ."

ಧೂಳು ತನ್ನ ಶತ್ರು ಎಂದು ಬೆಳಗಿನಿಂದ ಬಡಿದಾಡಿದ್ದ. ಐದು ವರ್ಷ ಆ ಕೋಣೆಯ ಕಾವಲು ಕಾದದ್ದು ಅದೇ ಧೂಳು ಎಂದು ಈಗ ಹೊಳೆಯಿತು. ತನ್ನ ಕೋಟೆಯ ಗೋಡೆಯನ್ನು ತಾನೇ ಎಳೆದು ಬಕೆಟ್ಟಿಗೆ ತುಂಬಿಟ್ಟಿದ್ದ.

ಗುಜರಿಯವನೂ ಮೇಷ್ಟ್ರೂ ಸೇರಿ ಗರಗಸವನ್ನು ಗಾಡಿಗೇರಿಸಿದರು. ಗರಗಸವನ್ನು ಹೇಗೆ ಎತ್ತಬೇಕೆಂದು ಮೇಷ್ಟ್ರಿಗೆ ಗೊತ್ತಿತ್ತು. ಎಂಟಿಂಚಿನ ಪೈಪನ್ನೂ ಒಯ್ಯಪ್ಪ ಎಂದರೆ ಗುಜರಿಯವನು ಒಪ್ಪಲಿಲ್ಲ. "ಅದನ್ನ ಇಡೋಕೆ ಜಾಗ ಇಲ್ಲಣ್ಣ." ಒಂದೇ ತೋಳು ಉಳಿದ ಮಳೆಕೋಟನ್ನು ಹೊಟ್ಟುರಾಯ ಮತ್ತೆ ಗರಗಸಕ್ಕೆ ಹೊದಿಸಿದ; ಅದನ್ನು ಮಾತ್ರ ಗುಜರಿಯವನು ಹಾಗೆಯೇ ಕೊಂಡುಹೋದ.

ಧೂಳಿನ ಯಂತ್ರ ಉಳಿಯಿತು. ಗಾಳಿ ತಿಳಿಯಾಗಿರಲಿ ಎಂದು ಅತ್ತೆ ಅದನ್ನು ಓಡಿಸಿಯೇ ಇಟ್ಟರು. ಮಂಚ ಬಂತು, ಹಾಸಿಗೆ ಬಂತು. ನೀರಿನ ಚೊಂಬು ಇಡಲು ಹನ್ನೊಂದರಲ್ಲಿ ಒಂದು ಸ್ಟೂಲನ್ನು ಅತ್ತೆ ಪಕ್ಕಕ್ಕೆಳೆದುಕೊಂಡರು. ಚೊಂಬು ಇಟ್ಟರು. ಸ್ಟೂಲು ಯೋಚಿಸಿತು. ನೀರು ಚೆಲ್ಲಿತು.

ಹೊಟ್ಟುರಾಯ ಓಡಿಬಂದು ಕಾಲಿನ ಕೆಳಗೆ ಚಿಂದಿ ಬಟ್ಟೆ ಮಡಿಸಿ ಇಡಲು ಬಗ್ಗಿದ.

"ಚಿಂದಿ ಯಾಕೆ ಅಳಿಯಂದ್ರೇ," ಎಂದರು ಅತ್ತೆ, ಮಂಚದ ಮೇಲೆ ಕಾಲು ಚಾಚಿ. "ಉದ್ದ ಇರೋ ಕಾಲನ್ನ ನಿಮ್ಮ ಗರಗಸದಲ್ಲಿ ಒಂಚೂರು ಕೊಯ್ದುಕೊಡಿ. ಹೇಗೂ ಈಗ ಧೂಳು ಬೀಳಲ್ವಲ್ಲ."

ಬೀದಿಯ ತಿರುವಿನಲ್ಲಿ ಗುಜರಿಯವನ ಗಂಟೆ ಒಮ್ಮೆ ಟಿಣ್ ಎಂದಿತು. ಆಮೇಲೆ ಧೂಳಿನ ಯಂತ್ರದ ಗುಂಯ್ ಎನ್ನುವ ಸದ್ದಿನಲ್ಲಿ ಅದೂ ಕೇಳಿಸಲಿಲ್ಲ.