ರಾಯರ ಹಿತ್ತಲಮನೆಯ ಕ್ರಿಶ್ಚಿಯನ್ನರು

ನಾವು ಕ್ರಿಶ್ಚಿಯನ್ನರೆಂದು ಗೊತ್ತಾದ ಕೂಡಲೇ, ನಮ್ಮ ಮೌಲ್ಯಗಳು ಏನೇನೆಂದು ನಮಗೇ ಪಾಠ ಹೇಳುವವರು ಎಲ್ಲಿ ಹೋದರೂ ಸಿಕ್ಕೇ ಸಿಗುತ್ತಾರೆ. ನನಗೆ ಅತಿ ಹೆಚ್ಚು ಪಾಠವಾದದ್ದು ಅರವತ್ತರ ದಶಕದ ಜಯನಗರದಲ್ಲಿ.

ಗಡಿಯಾರ

ಹೆಂಡತಿ ಬಸುರಿ. ಬಾಡಿಗೆ ಮನೆ ಹುಡುಕಿ ನನ್ನ ಚಪ್ಪಲಿ ಸವೆದಿತ್ತು. ಉಳಿದವರೆಲ್ಲ ಜಾತಿ ಕೇಳಿ ಬಾಗಿಲು ಹಾಕಿದರೆ, ನಿವೃತ್ತ ಗುಮಾಸ್ತರಾದ ರಾಯರು ಮಾತ್ರ ಕೇಳಿ ಕುರ್ಚಿ ಹಾಕಿದರು.

"ಇಂಗ್ಲಿಷ್ ದೊರೆ ಕೈಕೆಳಗೆ ಕೆಲಸ ಮಾಡಿದೋನು ನಾನು. ಕ್ರಿಶ್ಚಿಯನ್ ಅಂದ್ರೆ ಟೈಮೂ ತಪ್ಪಲ್ಲ, ಮಾತೂ ತಪ್ಪಲ್ಲ. ಕಾಂಪೌಂಡ್ ಒಳಗೆ ಒಂದು ಮೊಟ್ಟೆನೂ ತರಲ್ಲ ಅಂತ ಮಾತು ಕೊಡಿ, ಹಿತ್ತಲಮನೆ ನಿಮ್ಮದು. ತಪ್ಪಿದ್ರೆ ಅವತ್ತೇ ಖಾಲಿ ಮಾಡ್ಬೇಕು."

ಕೊಟ್ಟೆ. ಅಂದಿನಿಂದ ಭಾನುವಾರ ಬೆಳಿಗ್ಗೆ ನಾವು ಚರ್ಚಿಗೆ ಹೊರಟದ್ದನ್ನು ನೋಡಿಯೇ ರಾಯರು ಗೋಡೆ ಗಡಿಯಾರವನ್ನು ಏಳಕ್ಕೆ ಸರಿ ಮಾಡಿಕೊಳ್ಳುತ್ತಿದ್ದರು. ಒಂದು ಭಾನುವಾರ ನಿದ್ದೆ ಹತ್ತಿ ಅರ್ಧ ಗಂಟೆ ತಡವಾಗಿ ಹೊರಟೆವು. ಅಂದೇ ಸಂಜೆ ಅವರ ಮನೆಯವರೆಲ್ಲ ಅದೇ ಗಡಿಯಾರ ನೋಡಿಕೊಂಡು ಮಗನಿಗೆ ಹೆಣ್ಣು ನೋಡಲು ಹೊರಟಿದ್ದರು. ಮಾರನೆಯ ದಿನ ರಾಯರು ಬಂದು ಕೂಗಾಡಿದರು:

"ಏನ್ರೀ, ಕ್ರಿಶ್ಚಿಯನ್ನರಾಗಿ ನಮ್ಮನ್ನ ರಾಹುಕಾಲದಲ್ಲಿ ಹೊರಡಿಸಿಬಿಟ್ರಲ್ಲ!"

ಕೆನ್ನೆ

ಆಗ ಹಾಲಿನವರು ಹಸುವನ್ನೇ ಮನೆ ಬಾಗಿಲಿಗೆ ಹೊಡೆದುಕೊಂಡು ಬಂದು ಕಣ್ಣೆದುರೇ ಕರೆದು ಕೊಡುತ್ತಿದ್ದರು. ಸಾರಕ್ಕಿಯಿಂದ ಬರುತ್ತಿದ್ದ ಗೌಡರ ಹಸು ಒಂದು ದಿನ ನಾನು ಮುದ್ದಿನಿಂದ ಬೆಳೆಸಿದ ಹುರುಳಿಕಾಯಿ ಪಾತಿಯನ್ನು ಪೂರ್ತಿ ಮೇಯ್ದುಬಿಟ್ಟಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಗೌಡರು ಮಾತ್ರ ಕಿಂಚಿತ್ತೂ ಅಳುಕಲಿಲ್ಲ. "ಸ್ವಾಮಿ, ಒಂದು ಕೆನ್ನೆಗೆ ಹೊಡೆದ್ರೆ ಇನ್ನೊಂದು ಕೆನ್ನೆ ತೋರಿಸ್ಬೇಕಂತಲ್ಲ ನಿಮ್ಮಲ್ಲಿ? ರಾಯರು ಹೇಳಿದ್ರು."

"ಹೌದು, ಅದಕ್ಕೇನೀಗ?"

"ಏನಿಲ್ಲ, ಆ ಕಡೆ ಇನ್ನೊಂದು ಪಾತಿ ಐತಲ್ಲಾ ಅಂತ."

ಕೇಕು

ಕ್ರಿಸ್‌ಮಸ್ ದಿನ ದಂಡಿನಿಂದ, ಅಂದರೆ ಕಂಟೋನ್ಮೆಂಟಿನಿಂದ ಬಂದ ನಮ್ಮತ್ತೆ, ಬಸುರಿ ಮಗಳಿಗೆಂದು ಒಂದು ಡಬ್ಬಿ ಕೇಕು ಇಟ್ಟು ಹೋದರು. ಮೊಟ್ಟೆಯಿಲ್ಲದೆ ಕೇಕು ಮಾಡುವುದು ಅವರಿಗೆ ಗೊತ್ತೇ ಇರಲಿಲ್ಲ. ಡಬ್ಬಿಯನ್ನು ಎಲ್ಲಿ ಬಚ್ಚಿಡಲಿ ಎಂದು ನಾನು ಒದ್ದಾಡುತ್ತಿರುವಾಗಲೇ ರಾಯರು ಒಳಗೆ ಬಂದರು. ತುಂಬು ಬಸುರಿಯನ್ನು ಕರೆದುಕೊಂಡು ಮತ್ತೆ ಬೀದಿ ಸುತ್ತಬೇಕೇ?

"ಕೇಕು ಸಾರ್..." ಎಂದೆ.

"ಗೊತ್ತು. ದೊರೆ ಕೊಡ್ತಿದ್ರು. ನೀವು ಸುಳ್ಳು ಹೇಳೋರಲ್ಲ. ಅದಕ್ಕೇ ಮೊಟ್ಟೆ ಹಾಕಿದ್ಯಾ ಅಂತ ನಾನು ಕೇಳೋದೇ ಇಲ್ಲ!" ಎಂದು ದೊಡ್ಡ ತುಂಡೊಂದನ್ನು ಬಾಯಿಗಿಟ್ಟುಕೊಂಡರು.

ಅಷ್ಟರಲ್ಲಿ ಹೊರಗೆ ಅವರ ಹೆಂಡತಿಯ ದನಿ ಕೇಳಿತು. ರಾಯರು ಉಬ್ಬಿದ ಕೆನ್ನೆಯಲ್ಲೇ ಅಡುಗೆಮನೆ ಪರದೆಯ ಹಿಂದೆ ಸೇರಿಕೊಂಡರು.

ಆಕೆ ಬಂದವರೇ ಡಬ್ಬಿ ನೋಡಿ, ನನ್ನ ಹೆಂಡತಿಯತ್ತ ತಿರುಗಿದರು. "ನಿಜ ಹೇಳಮ್ಮ, ಇದಕ್ಕೆ ಮೊಟ್ಟೆ ಹಾಕಿದ್ಯಾ?"

"ಹಾಕಿದೆ ಅಮ್ಮ," ಎಂದುಬಿಟ್ಟಳು ನನ್ನ ಸತ್ಯಸಂಧೆ. ಮನೆ ಹೋಯಿತು ಎಂದುಕೊಂಡೆ.

ಆಕೆ ಒಮ್ಮೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಹಾಗಿದ್ರೆ ಒಂದೇ ಒಂದು ಚೂರು ಕೊಡು, ರುಚಿ ನೋಡ್ತೀನಿ. ನಮ್ಮನೆಯವರಿಗೆ ಮಾತ್ರ ಹೇಳ್ಬೇಡ. ಗೊತ್ತಾದ್ರೆ ನನ್ನ ಈ ಜನ್ಮದಲ್ಲಿ ಕ್ಷಮಿಸಲ್ಲ."

ಚೂರು ಬಾಯಿಗೆ ಹೋಗುತ್ತಿದ್ದಂತೆ ಪರದೆಯ ಹಿಂದಿನಿಂದ, ಬಾಯಿ ತುಂಬಿದ ಮಾತು ಕೇಳಿಸಿತು:

"ಕ್ಷಮಿಸಿದೀನಿ ಕಣೇ! ಕ್ರಿಶ್ಚಿಯನ್ನರ ಮನೇಲಿದೀವಿ, ನೀನೂ ನನ್ನ ಕ್ಷಮಿಸಿಬಿಡು!"