ಕಂಡಕ್ಟರನ ಆರನೇ ಬೆರಳು

ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನದು. ಅವನ್ನಾದರೆ ಬೀಗರ ಮುಂದೆಯೂ ಒಪ್ಪಿಕೊಳ್ಳಬಹುದು. ನನ್ನದು ಹಾಗೆ ಹೇಳಿಕೊಳ್ಳುವಂಥದ್ದಲ್ಲ. ನಾನು ಕಾಮಿಕ್ಸ್ ಪುಸ್ತಕಗಳ ವಿಮರ್ಶೆ ಬರೆಯುತ್ತೇನೆ. ಕಾಮಿಕ್ಸ್ ಓದುವವನನ್ನು ಜನ ಹೇಗೋ ಕ್ಷಮಿಸಿಬಿಡುತ್ತಾರೆ. ಆದರೆ ನಲವತ್ತೈದು ದಾಟಿದ ಮೇಲೆ, ಕುಷ್ಟಗಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದುಕೊಂಡು, ಅವುಗಳ ಗುಣದೋಷ ವಿಚಾರಿಸುವವನನ್ನು ಕ್ಷಮಿಸುವುದು ಕಷ್ಟ. ನನ್ನ ಹೆಂಡತಿ ಕಮಲಾ ಮನೆಗೆ ಬಂದವರಿಗೆ "ಇವ್ರು ಪೇಪರಿಗೆ ಬರೀತಾರ್ರಿ" ಎಂದಷ್ಟೇ ಹೇಳುತ್ತಾಳೆ. "ಏನ್ ಬರೀತಾರ?" ಎಂದು ಅವರು ಕೇಳುವುದರೊಳಗೆ ಚಹಾ ತರಲು ಒಳಗೆ ಹೋಗಿಬಿಟ್ಟಿರುತ್ತಾಳೆ.

ಗಂಗಾವತಿಯಿಂದ ಹೊರಡುವ ವಾರಪತ್ರಿಕೆಯೊಂದರ ಕೊನೆಯ ಪುಟದಲ್ಲಿ ನನಗೆ ಅಂಗೈಯಗಲ ಜಾಗ. ಒಂದು ದಿನ ಅದರ ಸಂಪಾದಕರಾದ ಶರಣಪ್ಪನವರು ಫೋನ್ ಮಾಡಿದರು. "ಸಾಹೇಬ್ರ, ಎರಡು ವರ್ಷ ಆತು, ನಿಮ್ಮ ಬರಹಕ್ಕ ಒಂದರ ಪತ್ರ ಬಂದಿಲ್ಲ. ಬೈದಾದ್ರೂ ಯಾರರ ಬರೀಬೇಕಿಲ್ರಿ? ಬರೋ ತಿಂಗಳದಿಂದ ಆ ಜಾಗದಾಗ ರಾಶಿಭವಿಷ್ಯ ಹಾಕ್ತೀನಿ." ಆಗ ನಾನು ಮಾಡಿದ ಕೆಲಸವನ್ನು ನಿಮ್ಮೊಬ್ಬರಿಗೇ ಹೇಳುತ್ತೇನೆ. ಎಡಗೈಯಲ್ಲಿ ಸೊಟ್ಟಸೊಟ್ಟಗೆ ಒಂದು ಮೆಚ್ಚುಗೆಯ ಪತ್ರ ಬರೆದು, 'ಆನೆಗೊಂದಿಯ ಅಭಿಮಾನಿ' ಎಂದು ಸಹಿ ಮಾಡಿ ಅಂಚೆಗೆ ಹಾಕಿದೆ. ಮೂರನೇ ದಿನಕ್ಕೆ ಮತ್ತೆ ಫೋನು. "ಅಲ್ರಿ, ಆನೆಗೊಂದಿ ಬಾಳಿ ತ್ವಾಟದಾಗ ಇರೋ ಅಭಿಮಾನಿ 'ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ' ಅಂತ ಬರೀತಾನೇನ್ರಿ?" ಇಪ್ಪತ್ತು ವರ್ಷದ ಗುಮಾಸ್ತಿಕೆ ಎಡಗೈಗೂ ಇಳಿದಿತ್ತು.

ಇನ್ನು ಮುಗಿಯಿತು ಎಂದುಕೊಂಡಿದ್ದಾಗಲೇ ಇನ್ನೊಂದು ಪೀಕಲಾಟ ಎದುರಾಯಿತು. ತಾವರಗೇರಾದ ಡ್ರಾಯಿಂಗ್ ಮಾಸ್ತರ ವೀರೇಶಪ್ಪ ಎಂಬುವರು ಒಂದು ಬಸ್ಸಿನ ಪ್ರಯಾಣದ ಮೇಲೆ ಕಾಮಿಕ್ಸ್ ಬರೆದು ತಾವೇ ಅಚ್ಚು ಹಾಕಿಸಿದ್ದರು. ಕಥೆ ಮನಸ್ಸಿಗೆ ತಟ್ಟುತ್ತದೆ ಎಂದು ಬರೆದಿದ್ದೆ. ಆದರೆ ಎಲ್ಲ ಹೆಂಗಸರಿಗೂ ಒಂದೇ ಮುಖ, ಬಾಯಿ ತೆರೆದು ಮಾತಾಡುವವರೆಗೆ ಅತ್ತೆ ಯಾರು, ಸೊಸೆ ಯಾರು ತಿಳಿಯುವುದಿಲ್ಲ, ಒಂಬತ್ತನೇ ಪುಟದಲ್ಲಂತೂ ಕಂಡಕ್ಟರನಿಗೆ ಆರು ಬೆರಳು ಎಂದೂ ಸೇರಿಸಿದ್ದೆ. ಪತ್ರಿಕೆ ಬಂದ ಸೋಮವಾರವೇ ಆರಡಿ ಎತ್ತರದ ಆಸಾಮಿಯೊಬ್ಬರು, ಕಂಕುಳಲ್ಲಿ ಕಾಗದದ ಸುರುಳಿ ಇಟ್ಟುಕೊಂಡು, ನನ್ನ ಮೇಜಿನ ಮುಂದೆ ನಿಂತರು. ಪಕ್ಕದ ಮೇಜಿನ ಮಹಬೂಬ ನನ್ನ ಮೇಲಿನ ಪ್ರೀತಿಯಿಂದ ಪೇಪರ್‌ವೇಟನ್ನು ಅವರ ಕೈಗೆ ಸಿಗದಂತೆ ಮೆಲ್ಲಗೆ ತನ್ನ ಕಡೆ ಎಳೆದುಕೊಂಡ.

"ಬೆರಳಿನ ವಿಷಯ ಬರದವ್ರು ನೀವೇನ್ರಿ?"

"ಹೌದ್ರಿ... ಅಂದ್ರ, ಒಟ್ಟಾರೆ ಪುಸ್ತಕ ಛಲೋನ ಐತ್ರಿ," ಎಂದು ನಾನು ಕುರ್ಚಿಯನ್ನು ಗೋಡೆಗೆ ಸರಿಸಿದೆ.

ಮಾಸ್ತರರು ಎದುರಿಗೆ ಕುಳಿತರು. "ಏಳು ಪುಸ್ತಕ ಮಾಡೀನ್ರಿ ಸರ. ಯಾರಿಗೆ ಕೊಟ್ರೂ ಹಾಳಿ ತಿರುವಿ, 'ಭಾಳ ಛಲೋ ಐತ್ರಿ ಮಾಸ್ತರ' ಅಂತ ತಿರುಗಿ ಕೈಯಾಗ ಇಟ್ಟು ಹೋಗ್ತಾರ. ನೀವು ಬೆರಳ ಎಣಿಸೀರಿ!" ಬೈಯಲು ಬಂದವರಲ್ಲ ಎಂದು ಆಗ ತಿಳಿದು ಕುರ್ಚಿಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡೆ. ಅವರು ಸುರುಳಿ ಬಿಚ್ಚಿದರು. ಹೊಸ ಚಿತ್ರಗಳಲ್ಲಿ ಅತ್ತೆಗೆ ಸುಕ್ಕು ಬಂದಿತ್ತು, ಸೊಸೆಗೆ ಗಲ್ಲದ ಮೇಲೆ ಮಚ್ಚೆ ಬಂದಿತ್ತು, ಕಿಟಕಿಯ ಪಕ್ಕದ ಮುದುಕಿ ಈಗಷ್ಟೇ ಅತ್ತು ಮುಗಿಸಿದಂತಿದ್ದಳು. "ಮಾರಿ ವಿಷಯ ನೀವು ಹೇಳಿದ್ದು ಖರೇ. ದಿನಾ ಬಸ್ಸಿನಾಗ ಕುಂತು ಒಬ್ಬೊಬ್ಬರ ಮಾರಿ ನೋಡಿ ಬರದೀನಿ. ಆದ್ರ ಸರ, ಕಂಡಕ್ಟರಂದು ಆರನೇ ಬೆರಳಲ್ರಿ. ಅದು ಪೆನ್ಸಿಲ್."

ಡ್ರಾಯರಿನಿಂದ ಪುಸ್ತಕ ತೆಗೆದು, ಕನ್ನಡಕ ಒರೆಸಿ ಒಂಬತ್ತನೇ ಪುಟ ನೋಡಿದೆ. ಪೆನ್ಸಿಲ್ಲೇ. ಮೊನೆ ಕೂಡ ಇತ್ತು. ಮಹಬೂಬ ನಗು ತಡೆಯಲಾರದೆ ಹೊರಗೆ ಹೋದ.

"ಇದನ್ನ ಪತ್ರಿಕೆಗೆ ಬರೀರಿ ಮಾಸ್ತರ," ಎಂದು ಅಂಗಲಾಚಿದೆ. ಅವರು ಅಲ್ಲೇ ಕುಳಿತು ಬರೆದರು: "ವಿಮರ್ಶಕರ ಕಣ್ಣು ಮಂದ. ಆದರೆ ನನ್ನ ಪುಸ್ತಕವನ್ನು ನಿಜವಾಗಿ ನೋಡಿದ್ದು ಆ ಕಣ್ಣುಗಳು ಮಾತ್ರ. ದಯವಿಟ್ಟು ಈ ಬರಹ ನಿಲ್ಲಿಸಬೇಡಿ."

ಅದು ಅಚ್ಚಾದ ಮೇಲೆ ನೋಡಿ! ಯಲಬುರ್ಗಾದಿಂದ, ಕೊಪ್ಪಳದಿಂದ ಕಾರ್ಡುಗಳು ಬಂದವು. ಹನುಮನಹಳ್ಳಿಯ ಗೃಹಿಣಿಯೊಬ್ಬರು ಅದು ಬೆರಳೋ ಪೆನ್ಸಿಲ್ಲೋ ನೋಡಲೆಂದೇ ಪುಸ್ತಕ ತರಿಸಿದರಂತೆ. ನೋಡುತ್ತ ನೋಡುತ್ತ ಆ ಮುದುಕಿ ಬಸ್ಸಿಳಿಯುವ ಪುಟದಲ್ಲಿ ಅತ್ತುಬಿಟ್ಟರಂತೆ. ಒಂದು ವಿಮರ್ಶೆಯಿಂದ ಇದಕ್ಕಿಂತ ಹೆಚ್ಚೇನು ಆಗಬೇಕು? ಅದಕ್ಕೇ ಹೇಳುತ್ತೇನೆ, ವಿಮರ್ಶಕನಿಗೆ ಹಾರ ತುರಾಯಿ ಬೇಡ. ಅವನು ಹೇಳಿದ ಪುಸ್ತಕ ತೆರೆದು ನೋಡಿ. ಅವನ ಮಾತು ಸುಳ್ಳೆನಿಸಿದರೆ ನಾಲ್ಕು ಸಾಲು ಬೈದು ಬರೆಯಿರಿ. ನಿಜವೆನಿಸಿದರೂ ಬರೆಯಿರಿ, ಅವನಿಗೆ ಅದು ಅಭ್ಯಾಸವಿರುವುದಿಲ್ಲ.

ಶರಣಪ್ಪನವರಿಗೆ ಖುಷಿಯೋ ಖುಷಿ. "ಇನ್ನ ಯಾರ್ ನಿಲ್ಲಸ್ತಾರ್ರಿ? ವಾರಕ್ಕೊಂದು ತಪ್ಪು ಹಿಂಗ ಮಾಡ್ಕೋತ ಹೋಗ್ರಿ!" ಎಂದರು. ನನಗೆ ರೋಷ ಬಂತು. ಮುಂದಿನ ವಿಮರ್ಶೆಯನ್ನು ಭೂತಗನ್ನಡಿ ಹಿಡಿದು ಬರೆದೆ. ಬೆರಳಷ್ಟೇ ಅಲ್ಲ, ಎತ್ತಿನ ಕಾಲುಗಳನ್ನೂ ಎಣಿಸಿದೆ. ಅದು ಅಚ್ಚಾಯಿತು. ವಾರ ಕಳೆಯಿತು. ಒಂದು ಕಾರ್ಡೂ ಬರಲಿಲ್ಲ. ಭಾನುವಾರ ಮಧ್ಯಾಹ್ನ ಕೆಂಪು ಪೆನ್ನು ಹಿಡಿದು ಕಟ್ಟೆಯ ಮೇಲೆ ಕುಳಿತು, ಒಂದಾದರೂ ತಪ್ಪು ಸಿಕ್ಕೀತೇ ಎಂದು ನನ್ನ ಬರಹವನ್ನು ನಾಲ್ಕು ಸಲ ಜಾಲಾಡಿದೆ. ಒಂದೂ ಸಿಗಲಿಲ್ಲ. ನಾನು ಸರಿಯಾಗಿ ಬರೆದದ್ದಕ್ಕೆ ನನಗೆ ಅಷ್ಟು ದುಃಖ ಹಿಂದೆಂದೂ ಆಗಿರಲಿಲ್ಲ.